ನಾನು ತಿಳಿದದ್ದು ತಪ್ಪಾಗಲಿ ಎಂದು ಬೇಡಿದೆ

ಭಜನಾ ಮಂಡಳಿಯ ಅಕ್ಕತಂಗಿಯರಿಗೆ ವೈದೇಹಿಯ ನಮಸ್ಕಾರ. ಪ್ರಶಸ್ತಿಯ ಸುದ್ದಿ ಕೇಳಿ ನೀವೆಲ್ಲ ಫೋನ್ ಮಾಡಿದಿರಿ. ಆಗ ಮಾತಾಡಲಾಗಲಿಲ್ಲ. ನಡೆದದ್ದನ್ನು ಬರೆಯುತ್ತಿದ್ದೇನೆ.

ಆಷಾಢದಲ್ಲಿ ನಮ್ಮ ಯಜಮಾನರಿಗೆ ಕಿಡ್ನಿ ಕಲ್ಲಿನ ಆಪರೇಷನ್ ಆಯಿತು. ನಾಲ್ಕನೇ ದಿನ ಚಳಿಜ್ವರ. ಸೋಂಕು ರಕ್ತಕ್ಕೇರಿ, ನುಂಗಂಬಾಕ್ಕಂನ ಆಸ್ಪತ್ರೆಯಲ್ಲಿ ಐಸಿಯುಗೆ ಸೇರಿಸಿದರು. ರಿಪೋರ್ಟಿನಲ್ಲಿ ರೋಗಾಣುವಿನ ಹೆಸರನ್ನು ಎರಡು ಸಲ ಓದಿದೆ. ಔಷಧಿಗೆ ಬಗ್ಗದ ಆ ರೋಗಾಣುವಿನ ಮೇಲೇ ನಾನು ಇಪ್ಪತ್ತು ವರ್ಷ ಸಂಶೋಧನೆ ಮಾಡಿದ್ದು.

ಅತ್ತೆ ಕೇಳಿದರು, "ನೀ ಅದೇ ಕ್ರಿಮಿ ಬಗ್ಗೆ ತಾನೇ ಓದಿರೋದು? ಮರುಂದು ಏನೂಂತ ಡಾಕ್ಟರಿಗೆ ಹೇಳೇ."

"ಔಷಧಿ ಇಲ್ಲ ಅನ್ನೋದನ್ನೇ ಓದಿರೋದಮ್ಮ," ಅಂದೆ.

ತಾಂಬರಂನ ನಮ್ಮ ಮನೆಯಿಂದ ದಿನಾ ಎಲೆಕ್ಟ್ರಿಕ್ ಟ್ರೈನಿನಲ್ಲಿ ಹೋಗಿಬರುತ್ತಿದ್ದೆ. ಇವರಿಗೆ ಎಚ್ಚರವಿರಲಿಲ್ಲ. ಒಂದು ಮಧ್ಯಾಹ್ನ ಐಸಿಯು ಹೊರಗೆ ಕುಳಿತಿದ್ದಾಗ ದೆಹಲಿಯಿಂದ ಫೋನ್ ಬಂತು. ನನ್ನ ಸಂಶೋಧನೆಗೆ ಪ್ರಶಸ್ತಿ. ಒಳಗೆ ಇವರನ್ನು ಕೊಲ್ಲುತ್ತಿರುವುದರ ಹೆಸರಿನಲ್ಲೇ ಹೊರಗೆ ನನಗೆ ಸನ್ಮಾನ ಎನಿಸಿತು.

ಸಂಜೆ ಡಾಕ್ಟರು ಕರೆದು, "ಎರಡು ಹಳೇ ಔಷಧಿ ಸೇರಿಸಿ ಕೊಟ್ಟು ನೋಡಬಹುದು ಮೇಡಂ. ಕಿವಿ ಹೋಗಬಹುದು. ಗ್ಯಾರಂಟಿ ಇಲ್ಲ," ಎಂದರು. ಆ ಜೋಡಿ ಸೋತದ್ದನ್ನು ಲ್ಯಾಬಿನಲ್ಲಿ ನಾನೇ ಕಂಡಿದ್ದೆ. ಆದರೂ ಸಹಿ ಹಾಕಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಪ್ರಾಣದೇವರಲ್ಲಿ ಬೇಡಿದೆ: "ಸ್ವಾಮಿ, ನಾನು ತಿಳಿದದ್ದು ತಪ್ಪಾಗಲಿ."

ಎರಡು ದಿನ ಏನೂ ಆಗಲಿಲ್ಲ. ಡಯಾಲಿಸಿಸ್ ಶುರುವಾಯಿತು. ಅತ್ತೆ ಊಟ ಬಿಟ್ಟರು. ಮೈಸೂರಿನಿಂದ ಮೈದುನನನ್ನು ಕರೆಸಿದೆ. ಅವನು ರಾತ್ರಿ ಬಸ್ಸಿಗೇ ಹೊರಟು ಬಂದ. ಬೇಡುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

ಮೂರನೇ ಬೆಳಿಗ್ಗೆ ನಾನು ರೈಲಿನಲ್ಲಿದ್ದಾಗ ಮಗಳು ಅನಘಾ ಆಸ್ಪತ್ರೆಯಿಂದ ಫೋನ್ ಮಾಡಿದಳು. ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರಿಸುವವಳು. "ಅಮ್ಮಾ, ಅಪ್ಪಾ ಕಣ್ ತೊರಂದುಟ್ಟಾರು." ಕಣ್ಣು ಬಿಟ್ಟಿದ್ದರು. ಜ್ವರ ಇಳಿದಿತ್ತು. ಜನರ ನಡುವೆ ನಿಂತೇ ಅತ್ತುಬಿಟ್ಟೆ.

ಇದಕ್ಕೂ ಒಂದು ಕಾರಣವಿರಬಹುದು. ಹುಡುಕುತ್ತೇನೆ, ಅದು ನನ್ನ ಕೆಲಸ. ಆದರೆ ಎಲ್ಲ ಗೊತ್ತಿದ್ದೂ ಗತಿಯಿಲ್ಲದೆ ಕುಳಿತವಳ ಕೈ ಹಿಡಿದವನು ಯಾರೆಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ. ಅವನ ಪಾದಕ್ಕೆ ಶರಣು.

ಇವರ ಕಿಡ್ನಿ ಚೇತರಿಸಿಕೊಂಡಿತು. ಡಾಕ್ಟರು ಹೇಳಿದಂತೆ ಹೋದ ಕಿವಿ ಮಾತ್ರ ಮರಳಲಿಲ್ಲ. ಈಗ ಸಂಜೆ ನಾನು ಸ್ತೋತ್ರ ಹೇಳುವಾಗ ಎದುರು ಕುಳಿತು, ನನ್ನ ತುಟಿ ನೋಡುತ್ತ ಜೊತೆಗೆ ಹೇಳುತ್ತಾರೆ. ಒಂದು ಸಾಲು ಹಿಂದೆ ಬೀಳುತ್ತಾರೆ. ನಾನು ನಿಲ್ಲಿಸಿ ಕಾಯುತ್ತೇನೆ.