ಬಸವಣ್ಣನ ತೊಟ್ಟಿಲು ತೂಗಿಸಿದ ದೊಡ್ಡವ್ವ

ವಿದ್ಯಾಗಿರಿಯ ನಮ್ಮ ಓಣಿಯಲ್ಲಿ ಬಸವ ಜಯಂತಿಯಂದು ಬಾಲಬಸವಣ್ಣನ ತೊಟ್ಟಿಲು ಕಟ್ಟುತ್ತಿದ್ದವರು ಪಕ್ಕದ ಮನೆಯ ದೊಡ್ಡವ್ವ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ, ಬಂದವರಿಗೆಲ್ಲ "ಮುಂದ ಬಾ ನಮ್ಮವ್ವ" ಎನ್ನುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷ ನನ್ನವ್ವ ಬಾಗಿಲಲ್ಲೇ ನಿಂತಳು. ಓಣಿಯ ಹಿರಿಯ ಆಯಿಯೊಬ್ಬರು, "ಆಕಿ ತೂಗೂದು ಬ್ಯಾಡ, ಮುತ್ತೈದ್ಯಾರು ತೂಗಲಿ" ಎಂದರು.

ದೊಡ್ಡವ್ವ ಜೋಗುಳ ನಿಲ್ಲಿಸಿದರು.

"ಯಾಕ ಆಯಿ? ಅಕ್ಕಗ ಇಲ್ಲದ ಜನಿವಾರ ನನಗೂ ಬ್ಯಾಡಂತ ಮನಿ ಬಿಟ್ಟು ಹೋದ ಹುಡುಗ ಇಂವ. ಈಕಿನ್ನ ಹೊರಗ ನಿಂದ್ರಿಸಿದ್ರ ತೊಟ್ಟಿಲದಾಗ ಮಲಗತಾನೇನು? ಎದ್ದು ಹೊಂಟ ಬಿಡ್ತಾನ!"

ಎಲ್ಲರೂ ನಕ್ಕರು. ಆಯಿ ಸರಿದು ಜಾಗ ಕೊಟ್ಟರು. ಅವ್ವ ಒಳಗೆ ಬಂದು ತೊಟ್ಟಿಲ ಹಗ್ಗ ಹಿಡಿದಳು. ಮೂರು ಸಲ ತೂಗುವಷ್ಟರಲ್ಲಿ ನಿಂತಿದ್ದ ಜೋಗುಳವನ್ನು ಅವಳೇ ಎತ್ತಿಕೊಂಡಳು. ಮೊದಲು ದನಿಗೂಡಿಸಿದವರು ಆ ಆಯಿಯೇ.