ಅವಸರವಿಲ್ಲ ಎಂದರು

ನನ್ನ ತಂಗಿಗೆ ಎಂ.ಫಾರ್ಮಾ ಸೀಟು ಸಿಕ್ಕಿದ್ದು ವಿಜಯವಾಡದ ಹೊರಗೆ, ಇಬ್ರಾಹಿಂಪಟ್ನಂ ಕಡೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ನಾನಾಗ ವಿಶಾಖಪಟ್ಟಣದ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ, ಪೆಂಡುರ್ತಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಕೋಣೆ. ದಾವಣಗೆರೆಯಲ್ಲಿದ್ದ ಅಪ್ಪನ ಲೆಕ್ಕದಲ್ಲಿ ಎರಡೂ ಒಂದೇ ಊರು. ಅಕ್ಕ ಹತ್ತಿರದಲ್ಲೇ ಇದ್ದಾಳಲ್ಲ ಎಂದು ಧೈರ್ಯವಾಗಿ ಕಳಿಸಿದರು. ನಡುವೆ ಅರ್ಧ ದಿನದ ರೈಲು ದಾರಿ ಇದೆ ಅಂದರೆ, ಆಂಧ್ರ ಆಂಧ್ರಾನೇ ಅಲ್ಲವೇನೆ ಎಂದು ನನ್ನನ್ನೇ ಕೇಳಿದರು.

ಅವಳ ಹಾಸ್ಟೆಲಿನ ಕಿಟಕಿಗೆ ವಿದ್ಯುತ್ ಸ್ಥಾವರದ ಬೂದಿ ಬಂದು ಕೂರುತ್ತಿತ್ತು. ಒಣಹಾಕಿದ ಬಟ್ಟೆಯನ್ನು ಕೊಡವಿಯೇ ಉಡಬೇಕು ಎಂದು ಫೋನಿನಲ್ಲಿ ಗೊಣಗುತ್ತಿದ್ದಳು. ಅವಳ ದೂರು ಅಂದರೆ ಅಷ್ಟೇ. ಹಾಗಾಗಿ ಆ ದಿನ ಬೆಳಿಗ್ಗೆ ಅವಳ ಫೋನು ಬಂದು, ಅತ್ತ ಕಡೆಯಿಂದ ಬರೀ ಉಸಿರು ಕೇಳಿದಾಗ ನಾನು ಬೂದಿಯ ಬಗ್ಗೆಯೇ ಏನೋ ತಮಾಷೆ ಮಾಡಿದೆ. ಆಮೇಲೆ ಅವಳು ಹೇಳಿದಳು.

ಹಿಂದಿನ ಸಂಜೆ ಲ್ಯಾಬಿನಿಂದ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಒಬ್ಬ ಅವಳ ಬಾಯಿ ಒತ್ತಿ ಎಳೆದುಕೊಂಡು ಹೋಗಿದ್ದ. ಹೊರಗಿನವನಲ್ಲ, ಕ್ಯಾಂಪಸ್ಸಿನ ಕಾವಲುಗಾರರ ಸೂಪರ್‌ವೈಸರ್. ದಿನಾ ಗೇಟಿನಲ್ಲಿ ಹುಡುಗಿಯರ ಗುರುತಿನ ಚೀಟಿ ನೋಡಿ ಒಳಗೆ ಬಿಡುತ್ತಿದ್ದವನು. ಇವಳು ಕಚ್ಚಿ, ಪರಚಿ, ತೋಳು ಹರಿದ ಅಂಗಿಯಲ್ಲೇ ಓಡಿ ವಾರ್ಡನ್ ಹತ್ತಿರ ಹೋಗಿದ್ದಳು. ಆಕೆ ಬಿಸಿ ಹಾಲು ಕೊಟ್ಟು, ಸ್ನಾನ ಮಾಡಿಸಿ, ಮಲಗಿಸಿದರಂತೆ. ಬೆಳಿಗ್ಗೆ ಎದ್ದು ನೋಡಿದರೆ ಅಂಗಿ ಒಗೆದು ತಂತಿಯ ಮೇಲೆ ಒಣಗುತ್ತಿತ್ತು. ತಾಯಿಯಂಥ ಹೆಂಗಸು ಎಂದು ಆಗ ನನಗೂ ಅನ್ನಿಸಿತು. ಎಂಥ ಪೆದ್ದರು ನಾವು!

ನಾನೂ ಅಪ್ಪನೂ ಬೇರೆ ಬೇರೆ ರೈಲಿನಲ್ಲಿ ವಿಜಯವಾಡ ತಲುಪಿ, ಸ್ಟೇಷನ್ನಿನಲ್ಲೇ ಕೂಡಿಕೊಂಡು ಹೋದೆವು. ಅಮ್ಮನಿಗೆ ಅಪ್ಪ ಏನೂ ಹೇಳಿರಲಿಲ್ಲ. ಕ್ಯಾಂಪಸ್ಸಿನಲ್ಲಿ ಎಲ್ಲಿ ನೋಡಿದರಲ್ಲಿ ಹೊಸ ಸುಣ್ಣಬಣ್ಣ. ಆ ತಿಂಗಳು ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ತಪಾಸಣೆ ಸಮಿತಿ ಬರುವುದಿತ್ತು, ಗಿಡದ ಬುಡಕ್ಕೂ ಕೆಮ್ಮಣ್ಣು ಬಳಿದಿದ್ದರು. ತಂಗಿ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು: "ಅವನಿಗೆ ಏನಾದ್ರೂ ಆಗ್ಲಿ ಬಿಡ್ಲಿ ಅಕ್ಕ, ಹೀಗಾಯ್ತು ಅಂತ ಇವ್ರು ಬರೀಲಿ. ಇಲ್ಲಿರೋ ಹುಡುಗೀರಿಗೆಲ್ಲ ಗೊತ್ತಾಗ್ಲಿ."

ಅದೇನು ದೊಡ್ಡ ಮಾತು ಅನ್ನಿಸಿತು ನನಗೆ. ನಮ್ಮ ಲ್ಯಾಬಿನಲ್ಲಿ ಒಂದು ಗಾಜಿನ ಕುಪ್ಪಿ ಕೈಜಾರಿ ಒಡೆದರೂ ಬರೆಯಬೇಕು. ಯಾರು, ಎಲ್ಲಿ, ಯಾಕೆ, ಇನ್ನು ಮುಂದೆ ಒಡೆಯದಂತೆ ಏನು ಮಾಡುತ್ತೀರಿ, ಎಲ್ಲ. ಬರೆಯದಿದ್ದರೆ ನಡೆದೇ ಇಲ್ಲ ಎಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ತಲೆಗೆ ತುಂಬುತ್ತಾರೆ. ತಲೆನೋವಿನ ಮಾತ್ರೆ ಮಾಡುವವರೇ ಇಷ್ಟು ಬರೆಯುವಾಗ, ಸಾವಿರಾರು ಹೆಣ್ಣುಮಕ್ಕಳನ್ನು ಇಟ್ಟುಕೊಂಡವರು ಬರೆಯದೇ ಇರುತ್ತಾರೆಯೇ ಎಂದುಕೊಂಡೆ. ಬರೆಯದಿದ್ದರೆ ನಡೆದೇ ಇಲ್ಲ ಎಂಬ ಮಾತನ್ನು ಅವರೂ ಕಲಿತಿದ್ದರು. ನಮಗೆ ಅದು ಬರೆಯುವುದಕ್ಕೆ ಕಾರಣ, ಅವರಿಗೆ ಬರೆಯದಿರುವುದಕ್ಕೆ.

ರಿಜಿಸ್ಟ್ರಾರ್ ಅಪ್ಪನನ್ನು ಮಾತ್ರ ಒಳಗೆ ಕರೆದರು. ಗಂಡಸರು ಮಾತಾಡಿಕೊಳ್ಳುತ್ತೇವೆ, ನೀವು ಹೆಣ್ಣುಮಕ್ಕಳು ಇಲ್ಲೇ ಕೂತಿರಿ ಅಂದರು. ನಾನು ಎದ್ದು ನಿಂತೆ. ಅಪ್ಪನೇ ಕೈಸನ್ನೆ ಮಾಡಿ ಕೂರಿಸಿದರು. ಅಪ್ಪ ಸರ್ಕಾರಿ ಶಾಲೆಯ ಹೆಡ್‌ಮೇಷ್ಟ್ರು. ವಿದ್ಯಾಸಂಸ್ಥೆ ಅಂದರೆ ಅವರಿಗೆ ದೇವರ ಮನೆ, ಅದರೊಳಗೆ ಕೂತವರು ಸುಳ್ಳು ಹೇಳುವುದಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೇ. ತೆಲುಗು ಅಂದರೆ ಅರ್ಧ ಕನ್ನಡಾನೇ, ನಿಧಾನವಾಗಿ ಹೇಳಿದರೆ ಯಾರಿಗೆ ತಿಳಿಯೋಲ್ಲ ಎಂಬ ಜಂಬ ಬೇರೆ. ಆ ರಿಜಿಸ್ಟ್ರಾರೂ ಪಾಪ, ಹಿರಿಯರಿಗೆ ಗೌರವ ಕೊಟ್ಟು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ನಿಧಾನವಾಗಿಯೇ ಹೇಳಿದ್ದರು.

ಹೊರಗೆ ಬಂದ ಅಪ್ಪನ ಮುಖದಲ್ಲಿ ನೆಮ್ಮದಿ ಇತ್ತು. ತುಂಬಾ ಸಂಭಾವಿತರು, ವಿಚಾರಣೆ ಮಾಡಿಸುತ್ತಾರಂತೆ, ಆಮೇಲೆ ಪೊಲೀಸರಿಗೆ ಕೊಡೋಣ, ಅವಸರ ಇಲ್ಲ ಅಂದರು, ಎಂದು ಹೇಳಿದರು. ತಂಗಿ ನನ್ನ ಮುಖ ನೋಡಿದಳು. ನಾನು ಅಪ್ಪನ ಮುಖ ನೋಡಿದೆ. ವಿಚಾರಣೆ ಆಗಲಿ, ನ್ಯಾಯವಾದದ್ದೇ ಅಲ್ಲವೇ ಎಂದು ಮೂವರೂ ತಲೆಯಾಡಿಸಿದೆವು. ತಂಗಿಯನ್ನು ನನ್ನ ಜೊತೆ ಪೆಂಡುರ್ತಿಗೆ ಕರೆತಂದೆ.

ಕಾದೆವು. ಅವಳು ಕಿಟಕಿಯ ಹತ್ತಿರ ಕೂತು, ಬೀದಿಯಲ್ಲಿ ಹೋಗುವ ಷೇರ್ ಆಟೋಗಳನ್ನು ನೋಡುತ್ತಾ, ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುತ್ತಾ ಕಾದಳು. ನಾನು ಫೋನ್ ಮಾಡಿದಾಗಲೆಲ್ಲ ರಿಜಿಸ್ಟ್ರಾರ್ ಮೀಟಿಂಗಿನಲ್ಲಿರುತ್ತಿದ್ದರು. ಅಪ್ಪನಿಗೆ ಮಾಡಿದರೆ, ದೊಡ್ಡ ಸಂಸ್ಥೆ ಅಲ್ಲವೇನಮ್ಮ, ಪದ್ಧತಿ ಪ್ರಕಾರ ನಡೆಯಬೇಕಲ್ಲ ಎನ್ನುವರು. ಅವಳ ಕುತ್ತಿಗೆಯ ಮೇಲೆ ಅವನ ಬೆರಳು ಮೂಡಿಸಿದ್ದ ಗುರುತುಗಳು ನೀಲಿಯಿಂದ ಹಳದಿಗೆ ತಿರುಗಿ, ಹಳದಿ ಮಾಸಿ, ಒಂದು ದಿನ ಏನೂ ಇರಲಿಲ್ಲ. ಹುಡುಗಿ ಗುಣವಾಗುತ್ತಿದ್ದಾಳೆ ಎಂದು ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಭಯ ಶುರುವಾಯಿತು. ತೋರಿಸುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ತಿಂಗಳು ತುಂಬುವ ಹೊತ್ತಿಗೆ ರಜೆ ಹಾಕಿ, ತಂಗಿಯನ್ನೂ ಕರೆದುಕೊಂಡು, ಹೇಳದೆ ಕೇಳದೆ ಆ ರಿಜಿಸ್ಟ್ರಾರ್ ಕೋಣೆಗೆ ನುಗ್ಗಿದೆ. ವಿಚಾರಣೆ ಎಲ್ಲಿಗೆ ಬಂತು ಎಂದು ಕೇಳಿದೆ. ಆತ ಕನ್ನಡಕ ತೆಗೆದು, ನಿಜವಾಗಿಯೂ ಆಶ್ಚರ್ಯಪಟ್ಟು ನನ್ನನ್ನು ನೋಡಿದರು. ಆ ವಿಷಯ ಮುಗಿಯಿತಲ್ಲಮ್ಮ, ನಾವೇ ಒಳಗೆ ವಿಚಾರಿಸಿಕೊಂಡೆವು, ನಿಮ್ಮ ತಂದೆಯವರೂ ಒಪ್ಪಿದರಲ್ಲ ಎಂದರು. ಏನು ಒಪ್ಪಿದರು ಎಂದೆ.

"ಪೊಲೀಸ್ ಕಂಪ್ಲೈಂಟ್ ಅವಸರಂ ಲೇದು ಅನಿ ನೇನೇ ಚೆಪ್ಪಾನಮ್ಮಾ. ಆಯನ ಸರೇ ಸರೇ ಅನ್ನಾರು."

ಪೆಂಡುರ್ತಿಯ ಮನೆ ಯಜಮಾನಿ ದಿನಾ ನನ್ನನ್ನು ಕೇಳುವುದಿತ್ತು, ಇನ್ನೇನಾದರೂ ಅವಸರಮಾ ಅಮ್ಮಾ ಎಂದು. ಇನ್ನೇನಾದರೂ ಬೇಕಾ ಎಂದು ಅರ್ಥ. ತೆಲುಗಿನಲ್ಲಿ ಅವಸರ ಅಂದರೆ ಗಡಿಬಿಡಿಯಲ್ಲ, ಅಗತ್ಯ. ಪೊಲೀಸ್ ದೂರು ಬೇಕಾಗಿಲ್ಲ ಎಂದು ಆತ ಹೇಳಿದ್ದರು. ಈಗಲೇ ಬೇಡ, ನಿಧಾನಕ್ಕೆ ಕೊಡೋಣ ಎಂದು ಅಪ್ಪ ಕೇಳಿಸಿಕೊಂಡಿದ್ದರು. ಸರಿ ಸಾರ್, ಸರಿ ಸಾರ್ ಎಂದು ಅಪ್ಪ ಅಂದದ್ದು ಮಾತ್ರ ಎರಡು ಭಾಷೆಯಲ್ಲೂ ಒಂದೇ.

ನಾನು ಕಿರುಚಾಡಿದೆ. ಅದು ತಪ್ಪು ತಿಳಿವಳಿಕೆ, ಈಗ ಬರೆದುಕೊಳ್ಳಿ, ಆಗಿದ್ದನ್ನು ಆಯಿತು ಎಂದು ಬರೆಯಿರಿ ಅಂದೆ. ಆತನ ದನಿ ಏರಲಿಲ್ಲ. ತಪಾಸಣೆ ಸಮಿತಿಗೆ ವರದಿ ಕೊಟ್ಟಾಗಿದೆ, ನಮ್ಮ ಕ್ಯಾಂಪಸ್ಸಿನಲ್ಲಿ ಇಂಥ ಒಂದು ಪ್ರಕರಣವೂ ಇಲ್ಲ, ಈಗ ಬರೆದರೆ ಆ ವರದಿ ಸುಳ್ಳಾಗುವುದಿಲ್ಲವೇ ಎಂದು ನನ್ನನ್ನೇ ಕೇಳಿದರು. ನಿಮ್ಮ ಹುಡುಗಿಗೆ ಇಲ್ಲಿಯ ಊಟ ಒಗ್ಗಲಿಲ್ಲ, ಮನೆಗೆ ಹೋಗಿದ್ದಾಳೆ ಎಂದು ಗೆಳತಿಯರಿಗೂ ಹೇಳಿದ್ದೇವೆ, ಅವಳ ಮರ್ಯಾದೆಗೋಸ್ಕರ ಎಂದರು. ತಂಗಿ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆಂಧ್ರದ ಖಾರವನ್ನು ನನಗಿಂತ ಚೆನ್ನಾಗಿ ತಿನ್ನುತ್ತಿದ್ದ ಹುಡುಗಿ ಅದು.

ಪೊಲೀಸ್ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಕೆಟ್ಟವನಾಗಿರಲಿಲ್ಲ. ತಂಗಿ ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದ. ಗಾಯ ಎಲ್ಲಿ, ಅಂಗಿ ಎಲ್ಲಿ, ನೋಡಿದವರು ಯಾರು ಎಂದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದವರಂತೆ ನಾವು ಅವನೆದುರು ಕೂತಿದ್ದೆವು. ಅವಸರದ ಕಥೆ ಹೇಳಿದೆ. ಅವನಿಗೆ ಅರ್ಥವಾಯಿತು, ನಗು ಬಂದದ್ದನ್ನು ತಡೆದುಕೊಂಡ, ಅದೂ ನನಗೆ ಕಾಣಿಸಿತು. ಕೋರ್ಟಿನಲ್ಲಿ ಇದು ನಿಲ್ಲುವುದಿಲ್ಲಮ್ಮ ಎಂದು ಅರ್ಜಿ ಇಸಿದುಕೊಂಡು ಕಳಿಸಿದ. ಅದರ ಮೇಲೆ ಏನೂ ಆಗಲಿಲ್ಲ. ಕುಲಪತಿಗೆ ಬರೆದೆ, ಸಮಿತಿಗೆ ಬರೆದೆ, ಪತ್ರಿಕೆಯ ಒಬ್ಬ ವರದಿಗಾರನ ಬೆನ್ನು ಬಿದ್ದೆ. ಎಲ್ಲಿ ಹೋದರೂ ಮೊದಲು ಕೇಳುವುದು, ವಿಶ್ವವಿದ್ಯಾಲಯದಲ್ಲಿ ದಾಖಲಾಗಿದೆಯೇ ಎಂದು. ಆಗಿಲ್ಲ ಅಂದರೆ ಮುಗಿಯಿತು. ಗೋಡೆಗೆ ತಲೆ ಚಚ್ಚಿಕೊಂಡರೆ ನೋಯುವುದು ತಲೆಯೇ.

ಅಪ್ಪನಿಗೆ ಹೇಳಲೇಬೇಕಾಯಿತು. ಫೋನಿನಲ್ಲಿ ರಿಜಿಸ್ಟ್ರಾರ್ ಅಂದ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿದರು. ಆಮೇಲೆ ಕೇಳಿದರು:

"ಅವಸರ ಅಂದ್ರೆ ಅವಸರ ಅಲ್ವೇನಮ್ಮ?"

ಅಲ್ಲಪ್ಪ ಅಂದೆ. ಮತ್ತೆ ಅವರು ಆ ವಿಷಯ ಎತ್ತಲಿಲ್ಲ. ಶಾಲೆಯಲ್ಲಿ ಪಾಠ ಮಾಡುವಾಗ ನಡುವೆ ನಿಂತುಬಿಡುತ್ತಾರೆ, ಯಾವುದೋ ಪದ ಹುಡುಕುವವರ ಹಾಗೆ ಎಂದು ಅವರ ಸಹೋದ್ಯೋಗಿ ಒಬ್ಬರು ಅಮ್ಮನಿಗೆ ಹೇಳಿದರಂತೆ. ನನಗೆ ಅಪ್ಪನ ಮೇಲೆ ಸಿಟ್ಟಿರಲಿಲ್ಲ. ಆ ಕೋಣೆಯಲ್ಲಿ ತೆಲುಗು ಚೆನ್ನಾಗಿ ಬರುವ ಅಪ್ಪ ಕೂತಿದ್ದರೂ ವಿಶ್ವವಿದ್ಯಾಲಯದವರು ಮುಚ್ಚಿಹಾಕಲು ಬೇರೊಂದು ದಾರಿ ಹುಡುಕುತ್ತಿದ್ದರು. ಇದನ್ನು ಅಪ್ಪನಿಗೆ ಎಷ್ಟು ಸಲ ಹೇಳಿದರೂ ಅವರು ನಂಬಲಿಲ್ಲ.

ತಂಗಿ ಓದು ಬಿಟ್ಟಳು. ನನ್ನ ಜೊತೆಯೇ ಉಳಿದು, ಪೆಂಡುರ್ತಿಯ ಒಂದು ಔಷಧದಂಗಡಿಯಲ್ಲಿ ಕೂರತೊಡಗಿದಳು. ತೆಲುಗು ಚೆನ್ನಾಗಿ ಬಂತು, ಇನ್ನೇನೂ ಸರಿಹೋಗಲಿಲ್ಲ. ಅವನು ಇನ್ನೂ ಅದೇ ಗೇಟಿನಲ್ಲಿದ್ದಾನಾ ಎಂದು ಊಟಕ್ಕೆ ಕೂತಾಗ ಥಟ್ಟನೆ ಕೇಳುತ್ತಿದ್ದಳು. ಹಾಸ್ಟೆಲಿನ ಹಳೆಯ ರೂಮ್‌ಮೇಟ್ ಒಬ್ಬಳಿಗೆ ಮಾತ್ರ ನಡೆದದ್ದನ್ನೆಲ್ಲ ಹೇಳಿದ್ದಳು. ಉಳಿದವರಿಗೆ ಅವಳು ಊಟ ಒಗ್ಗದ ಹುಡುಗಿ.

ಮುಂದಿನ ವರ್ಷ ಒಂದು ಭಾನುವಾರ ಸಂಜೆ, ನಾವು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಅವಳ ಮೊಬೈಲಿಗೆ ಗೊತ್ತಿಲ್ಲದ ಕರೆ ಬಂತು. ಕೈಯೆಲ್ಲ ಸೊನೆ ಇತ್ತೆಂದು ಸ್ಪೀಕರ್ ಹಾಕಿದಳು. ಚಿಕ್ಕ ದನಿಯ ಒಬ್ಬ ಹುಡುಗಿ, ತೆಲುಗಿನಲ್ಲಿ ಮಾತಾಡಿದಳು. ಅದೇ ವಿಶ್ವವಿದ್ಯಾಲಯ, ಮೊದಲ ವರ್ಷ. ಹಳೆಯ ರೂಮ್‌ಮೇಟ್ ನಂಬರು ಕೊಟ್ಟಳಂತೆ. ಅದೇ ಟ್ಯಾಂಕು, ಅದೇ ಮನುಷ್ಯ. ಈ ಹುಡುಗಿಗೆ ಮಾತ್ರ ತಪ್ಪಿಸಿಕೊಳ್ಳಲು ಆಗಿರಲಿಲ್ಲ. ನಮ್ಮ ಸಂಸ್ಥೆಯಲ್ಲಿ ಇದೇ ಮೊದಲು ಎಂದು ಎಲ್ಲರೂ ಹೇಳುತ್ತಿದ್ದಾರೆ, ನಾನೇ ಏನೋ ತಪ್ಪು ಮಾಡಿರಬೇಕು ಎಂದುಕೊಂಡಿದ್ದೆ ಎಂದಳು. ತಂಗಿ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. ಆ ಹುಡುಗಿ ಬೈಯುವ ದನಿಯಲ್ಲಿ ಅಲ್ಲ, ಸುಮ್ಮನೆ ತಿಳಿದುಕೊಳ್ಳುವ ದನಿಯಲ್ಲಿ ಕೇಳಿದಳು, ಅಕ್ಕಾ, ಆವತ್ತು ನೀವು ಯಾರಿಗೂ ಹೇಳಲಿಲ್ಲವಾ?

ತಂಗಿ ಫೋನಿನ ಹತ್ತಿರ ಬಗ್ಗಿದಳು. ತೆಲುಗಿನಲ್ಲಿ ಶುರು ಮಾಡಿದವಳು ನಡುವೆಯೇ ಬಿಟ್ಟು, ಕನ್ನಡದಲ್ಲೇ ಹೇಳಿದಳು.

"ಹೇಳ್ದೆ ಕಣಮ್ಮ. ಎಲ್ಲರಿಗೂ ಹೇಳ್ದೆ."