ಕೈಯಲ್ಲಿ ಮೂರು ರಾಜಾ

ಭಾಲ್ಕಿಯಲ್ಲಿ ನಮ್ಮ ಬಳಗದವರೊಬ್ಬರ ಅರಿವೆ ಅಂಗಡಿಯ ಮಾಳಿಗೆ ಮೇಲೆ ಮಧ್ಯಾಹ್ನ ಮೂರೆಲೆಯಾಟ ನಡೆಯುತ್ತಿತ್ತು. ಬೀದರಿನಿಂದ ಅವರಿಗೆ ಸರಕು ತಂದಾಗಲೆಲ್ಲ ನಾನೂ ಆಟಕ್ಕೆ ಕೂಡುತ್ತಿದ್ದೆ. ಅಂದು ಔರಾದದಿಂದ ಮಾಮಾ, ಅಂದರೆ ಅಕ್ಕನ ಗಂಡ, ಕೂಡ ಬಂದಿದ್ದರು. ಅವರ ಬಿಳಿ ಕುದುರೆ ಕೆಳಗೆ ಬೇವಿನ ಗಿಡಕ್ಕೆ ಕಟ್ಟಿತ್ತು. ಅದರ ಮೇಲೆ ನನಗೆ ಬಹಳ ದಿನದಿಂದ ಕಣ್ಣಿತ್ತು.

ಗಾಳಿ ನಿಂತುಹೋಗಿತ್ತು. ಪಡುವಣದಲ್ಲಿ ಮೋಡ ಕಾಡಿಗೆಯಂತೆ ಕವಿದಿತ್ತು.

"ನದಿ ಮ್ಯಾಲಿನ ಕಡಿ ಮಳಿ ಹೊಡೀಲಾಕತ್ತದ. ಇದೊಂದ ಆಟ ಮುಗಿಸಿ ಏಳ್ರಿ," ಎಂದು ಅಂಗಡಿಯವರು ಎಲೆ ಹಂಚಿದರು. ಔರಾದಕ್ಕೆ ಹೋಗುವವರು ಮಾಂಜ್ರಾ ನದಿಯನ್ನು ನೀರಿಗಿಳಿದೇ ದಾಟಬೇಕಿತ್ತು.

ನನ್ನ ಎಲೆ ನೋಡಿದೆ. ಮೂರೂ ರಾಜಾ. ಅದನ್ನು ಸೋಲಿಸಲು ಮೂರು ಎಕ್ಕ ಬೇಕು. ಅಂಥ ಕೈ ಬಂದಾಗ ಒಮ್ಮೆಲೇ ಪಣ ಏರಿಸಬಹುದು, ಇಲ್ಲವೇ ಬಡ ಎಲೆ ಹಿಡಿದವನಂತೆ ತಡವರಿಸುತ್ತ ಎದುರಿನವನನ್ನು ಒಳಗೆಳೆಯಬಹುದು. ಮಾಮಾ ಜೋರಿಗೆ ಅಂಜುವವರು. ನಾನು ಏರಿಸಿದರೆ ಎಲೆ ಬಿಟ್ಟು ಎದ್ದುಬಿಡುತ್ತಿದ್ದರು. ಅದಕ್ಕೇ ತಲೆ ಕೆರೆದುಕೊಳ್ಳುತ್ತ ಸಣ್ಣ ಸಣ್ಣ ಪಣವನ್ನೇ ಇಟ್ಟೆ. ಅಂಗಡಿಯವರು ಎಲೆ ಚೆಲ್ಲಿದರು. ನನ್ನ ಅಳುಕು ಕಂಡು ಮಾಮಾ ಮಾತ್ರ ಏರಿಸುತ್ತಲೇ ಹೋದರು.

"ರೊಕ್ಕ ಮುಗದಾವ. ಕುದುರಿ ಹಚ್ತೇನಿ. ಆಗಬಹುದೇನು ತಮ್ಮಾ?"

"ನಿಮ್ಮ ಮರ್ಜಿರಿ, ಮಾಮಾ," ಎಂದೆ. ದನಿ ನಡುಗದಂತೆ ಎಚ್ಚರ ವಹಿಸಿದ್ದೆ.

ಅವರದು ಒಂದೇ ಜಾತಿಯ ಸಾಲು ಎಲೆ: ಇಸ್ಪೀಟಿನ ಎಂಟು, ಒಂಬತ್ತು, ಹತ್ತು; ದೊಡ್ಡ ಕೈಯೇ, ಆದರೆ ಮೂರು ರಾಜಾನ ಕೆಳಗೆ. ನನ್ನ ಎಲೆ ಕಂಡು ಅವರು ತಮ್ಮ ಎಲೆ ಮಗುಚಿಟ್ಟು ಎದ್ದರು.

"ಇವತ್ತು ಕುದುರಿ ನೀವೇ ಒಯ್ರಿ," ಎಂದೆ, ಬಾಯಿಮಾತಿಗೆ.

"ಸೋತದ್ದರ ಮ್ಯಾಲ ಕುಂತು ಮನಿಗಿ ಹೋಗಂಗಿಲ್ಲ," ಎಂದವರೇ ನಡೆದೇ ಹೊರಟರು. ನಾನು ತಡೆಯಲಿಲ್ಲ. ಕುದುರೆ ಏರಿ ಊರೆಲ್ಲ ಸುತ್ತಿದೆ, ನಾಲ್ಕು ಮಂದಿ ನೋಡಲೆಂದು.

ದಪ್ಪ ಹನಿ ಬಿದ್ದಾಗ ನದಿಯ ನೆನಪಾಯಿತು. ಔರಾದದ ದಾರಿ ಹಿಡಿದು ಓಡಿಸಿದೆ. ಎಲ್ಲಿಯೂ ಅವರು ಸಿಗಲಿಲ್ಲ. ನದಿ ಕೆಂಪಗೆ, ದಂಡೆ ಮುಟ್ಟಿ ಹರಿಯುತ್ತಿತ್ತು. ದಂಡೆಯ ಮೇಲೆ ಬಲೆ ಸುತ್ತುತ್ತಿದ್ದ ಮೀನುಗಾರನನ್ನು ಕೇಳಿದೆ.

"ಒಬ್ಬರು ಇಳದ್ರು ರಿ. ಬ್ಯಾಡಂದ್ರೂ ಕೇಳಲಿಲ್ಲ. ನಡು ಹೊಳಿಗಿ ಹೋದಾಗ ನೀರು ಒಮ್ಮಿಗೇ ಬಂತು."

ಮೂರನೆಯ ದಿನ ಹೆಣ ಸಿಕ್ಕಿತು.

ಮಣ್ಣು ಮಾಡಿ ಬಂದ ಮೇಲೆ ಅಕ್ಕ ನನ್ನನ್ನು ಒಳಗೆ ಕರೆದಳು. "ಕುದುರಿ ನಿನ್ನ ಕೈಗಿ ಹ್ಯಾಂಗ ಬಂತು?" ಎಲ್ಲ ಹೇಳಿದೆ.

"ಮೊದಲೇ ಜೋರು ಏರಸಬೇಕಿತ್ತಲ್ಲೋ," ಎಂದಳು ಮೆಲ್ಲಗೆ. "ಅಂಜಿ ಎಲಿ ಬಿಟ್ಟು ಬರ್ತಿದ್ರು. ಅವರ ಸ್ವಭಾವ ನಿನಗ ಗೊತ್ತಿತ್ತು."

ಗೊತ್ತಿತ್ತು. ಅದಕ್ಕೇ ನಾನು ಏರಿಸಿರಲಿಲ್ಲ.